ಮುಂಗಡದ ಕಾಣಿಕೆ

ಡಿಸೆಂಬರ್ 31ರ ರಾತ್ರಿ ಬೆಳಗಾವಿಯ ಪ್ರೊಟೆಸ್ಟಂಟ್ ಕ್ರೈಸ್ತರು ಹೊಸ ವರ್ಷವನ್ನು ಚರ್ಚಿನಲ್ಲೇ ಎದುರುಗೊಳ್ಳುತ್ತಾರೆ. ಹನ್ನೆರಡು ಹೊಡೆದ ಮೇಲೆ ಅನೇಕ ಸಭೆಗಳಲ್ಲಿ ಒಂದು ತಟ್ಟೆ ಸುತ್ತುತ್ತದೆ. ಅದರ ತುಂಬ ಚೀಟಿಗಳು. ಒಂದೊಂದರಲ್ಲೂ ಬೈಬಲಿನ ಒಂದು ವಾಗ್ದಾನ ವಾಕ್ಯ. ಯಾರ ಕೈಗೆ ಯಾವುದು ಬಂತೋ ಅದು ಅವರ ಪಾಲಿಗೆ ಆ ವರ್ಷದ ದೇವರ ಮಾತು. ಮನೆಗೆ ಹೋಗಿ ಬೀರುವಿನ ಕನ್ನಡಿಗೆ ಅಂಟಿಸುತ್ತಾರೆ, ವಾಟ್ಸಾಪ್ ಸ್ಟೇಟಸ್ಸಿಗೂ ಹಾಕುತ್ತಾರೆ. ಆ ಚೀಟಿಗಳನ್ನು ಅಚ್ಚು ಹಾಕಿಸುವವರ ಆಯ್ಕೆ ಮಾತ್ರ ಗಮನಿಸುವಂಥದ್ದು. ಕಾಪಾಡುವೆ, ಹೆಚ್ಚಿಸುವೆ, ಗೆಲ್ಲಿಸುವೆ ಎನ್ನುವ ಜಾತಿಯ ವಾಕ್ಯಗಳೇ ಎಲ್ಲ. ಬೂದಿಯಲ್ಲಿ ಕೂತ ಯೋಬ ತಾನು ಹುಟ್ಟಿದ ದಿನವನ್ನು ಶಪಿಸಿದ್ದು ಯಾರ ಪಾಲಿಗೂ ಬರುವುದಿಲ್ಲ. ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆ ಎಂದು ಪೌಲ ಮೂರು ಸಲ ಬೇಡಿಕೊಂಡ, ಅದು ಹಾಗೇ ಉಳಿಯಿತು. ಆ ಭಾಗವನ್ನೂ ಯಾರೂ ಅಚ್ಚು ಹಾಕಿಸುವುದಿಲ್ಲ.

ದೇವರ ಆಶೀರ್ವಾದವನ್ನು ನಂಬುವುದು ಎಂದರೆ ನನಗೆ ಒಳ್ಳೆಯದಾಗುತ್ತದೆ ಎಂದು ನಂಬುವುದೇ? ಈಚಿನ ದಶಕಗಳಲ್ಲಿ ಹೌದು ಎಂಬ ಉತ್ತರ ಬಹಳ ಜೋರಾಗಿ ಕೇಳುತ್ತಿದೆ. ಅಮೆರಿಕದ ಪ್ರಚಾರಕ ಓರಲ್ ರಾಬರ್ಟ್ಸ್ ಕಳೆದ ಶತಮಾನದಲ್ಲಿ ಹಬ್ಬಿಸಿದ ಒಂದು ವಿಚಾರವಿದೆ: ದೇವರ ಕೆಲಸಕ್ಕೆ ಕೊಟ್ಟ ಕಾಣಿಕೆ ಒಂದು ಬೀಜ, ಅದು ಅನೇಕ ಪಟ್ಟು ಬೆಳೆದು ಕೊಟ್ಟವರ ಕೈಗೇ ಮರಳುತ್ತದೆ. ಟಿವಿ, ಕ್ಯಾಸೆಟ್, ಈಗ ಯೂಟ್ಯೂಬ್ ಮೂಲಕ ಅದು ಎಲ್ಲ ಭಾಷೆಗಳಿಗೂ ಇಳಿದಿದೆ. ಕನ್ನಡದಲ್ಲೂ ಮರಾಠಿಯಲ್ಲೂ ಅದನ್ನು ಕೇಳಬಹುದು.

ಇದೆಲ್ಲ ಹೊರಗಿನಿಂದ ಬಂದ ರೋಗ ಎಂದು ತಳ್ಳಿಬಿಡುವುದು ಸುಲಭ, ಆದರೆ ಸರಿಯಲ್ಲ. ಕೊಟ್ಟು ಪಡೆಯುವ ಭಕ್ತಿ ನಮ್ಮ ನೆಲದ್ದೇ. ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತವರ ಓಣಿಯಲ್ಲೇ ವೇಲಾಂಕಣಿ ಮಾತೆಗೆ ಹರಕೆ ಹೊತ್ತವರೂ ಇರುತ್ತಾರೆ. ಹಾಗಿದ್ದರೂ ಹರಕೆಗೂ ಈ ಬೀಜದ ಕಾಣಿಕೆಗೂ ನಡುವೆ ಒಂದು ದೊಡ್ಡ ಅಂತರವಿದೆ. ಅದನ್ನು ಯಾರೂ ಗಮನಿಸಿದಂತಿಲ್ಲ. ಹರಕೆಯಲ್ಲಿ ಮೊದಲು ಕೊಡಬೇಕಾದವರು ದೇವರು. ಮಗುವಿನ ಜ್ವರ ಇಳಿಯಲಿ, ಆಮೇಲೆ ಬಂದು ತೀರಿಸುತ್ತೇನೆ ಎಂಬುದು ಅದರ ಕರಾರು. ಜ್ವರ ಇಳಿಯದಿದ್ದರೆ ತಾಯಿಯ ಮೇಲೆ ಸಾಲವಿಲ್ಲ. ಯಾರೂ ಬಂದು ನಿನ್ನ ಭಕ್ತಿ ಸಾಲದಾಯಿತು ಎನ್ನುವುದಿಲ್ಲ. ಎನ್ನುವುದಿರಲಿ, ಅವಳಿಗೇ ದೇವಿಯನ್ನು ಬೈಯುವ ಸಲಿಗೆ ಉಂಟು. ಬೀಜದ ಕಾಣಿಕೆ ಇದನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಭಕ್ತನದು ಮುಂಗಡ. ಬೆಳೆ ಬಾರದಿದ್ದರೆ ತಪ್ಪು ಬೀಜ ಇಸಿದುಕೊಂಡವರದಲ್ಲ, ದೇವರದಂತೂ ಅಲ್ಲವೇ ಅಲ್ಲ, ಕೊಟ್ಟವನ ನಂಬಿಕೆಯದು. ನಷ್ಟದ ಹೊಣೆ ಪೂರ್ತಿ ಬಡವನ ತಲೆಗೆ ಬಂತು. ಕಾಯಿಲೆ ಒಂದು ಪೆಟ್ಟಾದರೆ, ನಿನಗೆ ನಂಬಿಕೆ ಸಾಲದು ಎಂಬ ತೀರ್ಪು ಎರಡನೆಯದು. ಯೋಬನ ಗೆಳೆಯರು ಅವನ ಎದುರು ಕೂತು ಹೇಳಿದ್ದು ಇದನ್ನೇ: ಇಷ್ಟು ಕಷ್ಟ ಬಂದಿದೆ ಎಂದರೆ ನೀನು ಏನೋ ಮಾಡಿರಲೇಬೇಕು. ಆ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಶಪಿಸಿದ ಯೋಬನ ಮೇಲಲ್ಲ, ತನ್ನ ಸಮರ್ಥನೆಗೆ ನಿಂತ ಆ ಗೆಳೆಯರ ಮೇಲೆ.

ಇಷ್ಟು ಹೇಳಿ ಬೇಡುವುದೇ ತಪ್ಪು ಎಂಬಲ್ಲಿಗೆ ಹೋದರೆ ಮಾತು ದಾರಿ ತಪ್ಪುತ್ತದೆ. ನಿಷ್ಕಾಮ ಭಕ್ತಿಯನ್ನು ಹೊಗಳುವವರಲ್ಲಿ ತಿಂಗಳಿಗೆ ಸರಿಯಾಗಿ ಪಿಂಚಣಿ ಬರುವವರೇ ಹೆಚ್ಚು ಎಂಬುದು ನನ್ನ ಅನುಮಾನ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಆ ದಿನದ ಆಹಾರದ ಬೇಡಿಕೆ ಇದೆ, ಅದು ರೂಪಕವಲ್ಲ. ಕಬ್ಬಿನ ಬಿಲ್ಲು ಯಾವಾಗ ಬಂದೀತೆಂದು ಕಾಯುವ ಖಾನಾಪುರ ತಾಲೂಕಿನ ರೈತ, ಗೋವೆಗೆ ಕೂಲಿಗೆ ಹೋದ ಮಗನ ಫೋನಿಗೆ ಕಾಯುವ ತಾಯಿ, ಇವರು ಮೊಣಕಾಲೂರಿ ಇಂಥದ್ದು ಬೇಕು ಎಂದು ಕೇಳಿದರೆ ಅದು ಲೋಭವಲ್ಲ. ಬೇಡುವುದಕ್ಕೂ ಚೌಕಾಸಿಗೂ ವ್ಯತ್ಯಾಸವಿದೆ. ಬೇಡುವವನು ಇಲ್ಲ ಎನ್ನುವ ಉತ್ತರಕ್ಕೆ ಜಾಗ ಬಿಟ್ಟಿರುತ್ತಾನೆ. ಚೌಕಾಸಿ ಮಾಡುವವನು ಬಿಟ್ಟಿರುವುದಿಲ್ಲ.

ಖಾನಾಪುರದ್ದೇ ಇನ್ನೊಂದು ಸಂಗತಿ ಈ ಪ್ರಶ್ನೆಯನ್ನು ಬಿಗಿಗೊಳಿಸುತ್ತದೆ. ಮಲಪ್ರಭೆ ಹುಟ್ಟುವುದು ಈ ತಾಲೂಕಿನ ಕಣಕುಂಬಿಯಲ್ಲಿ, ಮುಂಗಾರು ಬಿಡದೆ ಹೊಡೆಯುವ ಸಹ್ಯಾದ್ರಿಯ ಅಂಚಿನಲ್ಲಿ. ಅಲ್ಲಿನ ಭತ್ತದ ಗದ್ದೆಗೆ ಆ ಮಳೆ ಬೇಕೇ ಬೇಕು. ಅದೇ ನೀರು ಹರಿದು ನವಿಲುತೀರ್ಥದ ಅಣೆಕಟ್ಟು ಸೇರುತ್ತದೆ. ಅಣೆಕಟ್ಟು ತುಂಬಿ ಗೇಟು ಎತ್ತಿದರೆ ಕೆಳಗೆ ರಾಮದುರ್ಗದ ನದಿದಂಡೆಯ ಊರುಗಳಿಗೆ ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಹಾಗೇ ಆಯಿತು. ಮೇಲಿನ ಊರಿನ ಚರ್ಚಿನಲ್ಲಿ ಒಬ್ಬರು ಎದ್ದು ನಿಂತು, ಮಳೆಗಾಗಿ ಮಾಡಿದ ಉಪವಾಸ ಪ್ರಾರ್ಥನೆ ಫಲಿಸಿತು ಎಂದು ಸಾಕ್ಷಿ ಹೇಳಿದರು ಎಂದುಕೊಳ್ಳೋಣ. ಕೆಳಗಿನ ಊರಿನಲ್ಲಿ ಮನೆ ಕಳೆದುಕೊಂಡು ಗಂಜಿ ಕೇಂದ್ರದಲ್ಲಿ ಕೂತವರೂ ಅದೇ ದೇವರಿಗೆ ಪ್ರಾರ್ಥಿಸಿದ್ದರು. ಮಳೆ ಯಾರ ಪಾಲಿನ ಆಶೀರ್ವಾದ? ಬೆಟ್ಟದ ಪ್ರಸಂಗದಲ್ಲಿ ಯೇಸು ದೇವರ ಬಿಸಿಲು ಮಳೆಗಳು ಒಳ್ಳೆಯವರು ಕೆಟ್ಟವರೆಂದು ನೋಡುವುದಿಲ್ಲ ಎಂಬರ್ಥದ ಮಾತಾಡುತ್ತಾನೆ. ನಾವು ಇದನ್ನು ದೇವರ ಔದಾರ್ಯದ ವರ್ಣನೆಯಾಗಿ ಓದಿ ಮುಂದೆ ಹೋಗುತ್ತೇವೆ. ಅದರೊಳಗೆ ಕಟುವಾದ ಇನ್ನೊಂದು ಅರ್ಥವಿದೆ. ಬಿದ್ದ ಮಳೆಯನ್ನು, ಬಂದ ಬೆಳೆಯನ್ನು, ಸಿಕ್ಕ ನೌಕರಿಯನ್ನು ತೋರಿಸಿ ದೇವರು ನನ್ನನ್ನು ಮೆಚ್ಚಿದ್ದಾನೆ ಎನ್ನುವ ಹಕ್ಕು ಯಾರಿಗೂ ಇಲ್ಲ. ನಂಬಿಕೆಗೆ ಫಲಿತಾಂಶದ ಪ್ರಮಾಣಪತ್ರ ಸಿಗುವುದಿಲ್ಲ.

ಹಾಗಾದರೆ ಆಶೀರ್ವಾದ ಎನ್ನುವುದು ಬರೀ ಮಾತೇ? ಅಲ್ಲ ಎನ್ನುವುದಕ್ಕೆ ಬೆಳಗಾವಿಯ ಕ್ರೈಸ್ತ ಇತಿಹಾಸವೇ ಸಾಕು. ಬ್ರಿಟಿಷರು ಬೆಳಗಾವಿ ಕೋಟೆ ಹಿಡಿದದ್ದು 1818ರಲ್ಲಿ. ಎರಡು ವರ್ಷಕ್ಕೆ ಬಳ್ಳಾರಿಯಿಂದ ಜೋಸೆಫ್ ಟೇಲರ್ ಬಂದು ಲಂಡನ್ ಮಿಷನ್ನಿನ ಕೆಲಸ ಆರಂಭಿಸಿದರು. ಮುಂದೆ ವಿಲಿಯಂ ಬೆನನ್ ಜೊತೆಯಾದರು. 1832ರಲ್ಲಿ ಅವರು ತೆರೆದ ಇಂಗ್ಲಿಷ್ ಶಾಲೆಯ ಪರಂಪರೆ ಇಂದಿನ ಬೆನನ್ ಸ್ಮಿತ್ ಹೈಸ್ಕೂಲಿನವರೆಗೆ ಬಂದಿದೆ. ಮಿಷನ್ನಿನ ಲೆಕ್ಕದಲ್ಲಿ ನೋಡಿದರೆ ಇದು ಸೋಲಿನ ಕತೆ. 84 ವರ್ಷ ದುಡಿದ ಮೇಲೂ ಸಭೆ ಸಣ್ಣದಾಗಿಯೇ ಉಳಿಯಿತು. 1904ರಲ್ಲಿ ಲಂಡನ್ ಮಿಷನ್ನಿನವರು ಎಲ್ಲವನ್ನೂ ಅಮೆರಿಕದ ಮೆಥೊಡಿಸ್ಟರಿಗೆ ವಹಿಸಿ ಹೊರಟುಹೋದರು. ಶಾಲೆಗೆ ಬಂದ ಹುಡುಗರಲ್ಲಿ ಹೆಚ್ಚಿನವರು ಬ್ರಾಹ್ಮಣರು, ಲಿಂಗಾಯತರು, ಜೈನರು, ಮರಾಠರು. ಬೈಬಲ್ ಪಾಠ ಕೇಳಿದರು, ಇಂಗ್ಲಿಷ್ ಕಲಿತರು, ಕಚೇರಿ ಸೇರಿದರು, ತಮ್ಮ ತಮ್ಮ ದೇವರ ಮನೆಗಳಿಗೆ ಮರಳಿದರು. ಬಿತ್ತಿದವರ ಕೈಗೆ ಬೆಳೆ ಬರಲಿಲ್ಲ, ಊರಿಗೆ ಬಂತು. ಕ್ಯಾಥೊಲಿಕ್ ಸನ್ಯಾಸಿಗಳಾದ ಜೆಸ್ವಿಟರು 1856ರಲ್ಲಿ ಕಟ್ಟಿದ ಸೇಂಟ್ ಪಾಲ್ಸ್ ಶಾಲೆಯ ಬಗ್ಗೆಯೂ ಇದನ್ನೇ ಹೇಳಬಹುದು. ವಸಾಹತು ಆಡಳಿತದ ಆಸರೆ ಈ ಎಲ್ಲದರ ಹಿಂದೆ ಇತ್ತು ಎಂಬುದನ್ನು ಮರೆಯಬೇಕಿಲ್ಲ. ಆದರೂ ಆಶೀರ್ವಾದ ಎಂಬ ಮಾತಿಗೆ ಬೈಬಲಿನಲ್ಲಿ ಮೊದಲಿನಿಂದ ಇರುವ ಅರ್ಥ ಇಲ್ಲಿ ಕಾಣುತ್ತದೆ. ಅಬ್ರಹಾಮನಿಗೆ ಸಿಕ್ಕ ವಾಗ್ದಾನದಲ್ಲಿ ಎರಡು ಪಾಲು: ಅವನು ಆಶೀರ್ವಾದ ಹೊಂದುತ್ತಾನೆ, ಅವನ ಮೂಲಕ ಇತರ ಜನಾಂಗಗಳೂ ಹೊಂದುತ್ತವೆ. ನಮ್ಮ ಪ್ರಚಾರಕರು ಮೊದಲ ಪಾಲಿನಲ್ಲೇ ಪ್ರಸಂಗ ಮುಗಿಸಿಬಿಡುತ್ತಾರೆ.

ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿಗೆ ಈ ಅಪಾಯ ಗೊತ್ತಿತ್ತು. ಗಳಿಸಿ, ಉಳಿಸಿ, ಉಳಿಸಿದ್ದನ್ನು ಕೊಟ್ಟುಬಿಡಿ ಎಂದು ಬೋಧಿಸಿದ ಅವರು, ಜನ ಮೊದಲಿನ ಎರಡನ್ನು ಪಾಲಿಸಿ ಮೂರನೆಯದನ್ನು ಮರೆತದ್ದನ್ನು ಕಂಡು ಕೊರಗಿದರು. ಸ್ವತಃ ಅವರು ವರಮಾನ 30 ಪೌಂಡ್ ಇದ್ದಾಗ 28ರಲ್ಲಿ ಬದುಕಿ, ವರಮಾನ ಇಮ್ಮಡಿಯಾದ ಮೇಲೂ 28ರಲ್ಲೇ ಬದುಕಿದರು ಎಂಬ ಮಾತಿದೆ. ಹೆಚ್ಚಿದ್ದೆಲ್ಲ ತನಗಾಗಿ ಬಂದದ್ದಲ್ಲ ಎಂಬುದು ಆ ಮನುಷ್ಯನ ಲೆಕ್ಕ. ನಮ್ಮವರಿಗೆ ಇದು ಅಪರಿಚಿತವೇನಲ್ಲ. ದಾಸೋಹದ ವಿಚಾರ ಈ ನಾಡಿನಲ್ಲಿ 12ನೆಯ ಶತಮಾನದಿಂದ ಇದೆ, ಸಿರಿ ಹೋದದ್ದನ್ನೇ ಒಳ್ಳೆಯದಾಯಿತು ಎಂದುಕೊಂಡ ಪುರಂದರದಾಸರೂ ಇದ್ದಾರೆ.

ಬೈಲಹೊಂಗಲದ ಕಡೆಯ ದೇಶನೂರಿನಲ್ಲಿ ಜೆಸ್ವಿಟರು ಆ ನೆಲದ ರೀತಿಯಲ್ಲೇ ಬದುಕಿ ತೋರಿಸಿದರು. ಅವರಲ್ಲೊಬ್ಬ ಪಾದ್ರಿ ಕಾವಿ ಉಟ್ಟು, ಮಾಂಸ ಬಿಟ್ಟು, ಲಿಂಗಾಯತ ಹಳ್ಳಿಯ ನಡುವೆ ನೆಲೆಸಿದರು. ಸ್ನಾನಿಕ ಅರುಳಪ್ಪನವರ, ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನನ, ಹೆಸರಿನ ಅಲ್ಲಿಯ ದೇವಾಲಯವನ್ನು ಜನ ವಿರಕ್ತಮಠ ಎಂದೇ ಕರೆಯುತ್ತಾರೆ. ಅದು ವೇಷ ಎಂದು ಟೀಕಿಸುವವರು ಎರಡೂ ಕಡೆ ಇದ್ದಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ: ವಿರಕ್ತನಾಗಿ ಬಂದವನು ಸಂಪತ್ತಿನ ವಾಗ್ದಾನ ಮಾಡಲು ಆಗುವುದಿಲ್ಲ. ಅವನ ಬಟ್ಟೆಯೇ ಅಡ್ಡ ಬರುತ್ತದೆ.

ಈ ಬಗೆಯ ವಾಗ್ದಾನದ ಮಾತು ಕಾನೂನಿನೊಳಗೂ ಬಂತು. 2021ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. 2022ರಲ್ಲಿ ಕಾನೂನಾಯಿತು, 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ರಾಜಕೀಯ ಬದಿಗಿರಲಿ, ಆ ಕಾನೂನಿನಲ್ಲಿ ಆಮಿಷ ಎಂದರೇನು ಎಂಬ ವಿವರಣೆ ಕುತೂಹಲಕರ. ಹಣ, ನೌಕರಿಗಳ ಜೊತೆಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಮುನಿಸಿನ ಮಾತು ಎಲ್ಲವೂ ಅದರೊಳಗೆ ಬಂದವು. ಹೀಗೆ ಬರೆದವರು ಬೀಜದ ಕಾಣಿಕೆಯ ಪ್ರಚಾರಕರನ್ನು ವಿರೋಧಿಸುತ್ತಿದ್ದೇವೆ ಎಂದುಕೊಂಡಿರಬಹುದು. ನಿಜದಲ್ಲಿ ಇಬ್ಬರ ಮನುಷ್ಯ ಕಲ್ಪನೆ ಒಂದೇ. ಬಡವನು ದೇವರ ಬಳಿ ಬರುವುದು ಏನಾದರೂ ಸಿಗುತ್ತದೆ ಎಂದು ಮಾತ್ರ ಎಂಬುದು ಇಬ್ಬರಿಗೂ ಖಚಿತ. ಒಬ್ಬರು ಅದನ್ನು ಬಳಸಿಕೊಳ್ಳುತ್ತಾರೆ, ಇನ್ನೊಬ್ಬರು ಅದಕ್ಕೆ ಶಿಕ್ಷೆ ಬರೆಯುತ್ತಾರೆ.

ಬೆಳಗಾವಿ ಜಿಲ್ಲೆಯ ಹಳ್ಳಿಗಳ ದಲಿತರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗುಂಪು ಗುಂಪಾಗಿ ಮೆಥೊಡಿಸ್ಟ್ ಸಭೆ ಸೇರಿದಾಗಲೂ ಕೇಳಿಬಂದ ಕುಹಕ ಇದೇ. ಅವರಿಗೆ ಶಾಲೆ ಬೇಕಿತ್ತು, ಔಷಧ ಬೇಕಿತ್ತು, ಹೆಸರು ಹಿಡಿದು ಮರ್ಯಾದೆಯಿಂದ ಕರೆಯುವವರು ಬೇಕಿತ್ತು. ಇವನ್ನು ಬಯಸಿದ್ದು ನಂಬಿಕೆಯಲ್ಲ ಎನ್ನುವವರು ಇವೆಲ್ಲ ಹುಟ್ಟಿನಿಂದಲೇ ಸಿಕ್ಕವರು. ಸಿಕ್ಕದ್ದರ ಲೆಕ್ಕ ಹಾಕುವವರು ಕಳೆದದ್ದನ್ನೂ ಬರೆಯಬೇಕಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರಾದ ದಲಿತರು ಇಂದಿಗೂ ಹೊರಗೇ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ಗೆರೆ ಅಳಿಸಲು ಹೇಳಿತ್ತು, 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ನೇಮಕವಾಯಿತು.

ಹೀಗಾಗಿ ಶಾಲೆ ಆರಂಭದ ದಿನಗಳಲ್ಲಿ ನಾಡಕಚೇರಿಯ ಕಿಟಕಿಯ ಮುಂದೆ ಜಾತಿ ಪ್ರಮಾಣಪತ್ರದ ಅರ್ಜಿ ಹಿಡಿದು ನಿಂತ ಅಪ್ಪನಿಗೆ ಎರಡೇ ದಾರಿ. ಕಾಗದದಲ್ಲಿ ಹಿಂದೂ ಎಂದು ಬರೆಸಿ ಭಾನುವಾರ ಆರಾಧನೆಗೆ ಹೋಗುವುದು ಒಂದು. ಪಾಸ್ಟರು ಇದನ್ನು ನಂಬಿಕೆಯ ಕೊರತೆ ಎನ್ನಬಹುದು, ನನಗೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಮಕ್ಕಳ ಶುಲ್ಕ ಕಟ್ಟಬೇಕಾದವನು ಅವನು. ಕ್ರೈಸ್ತ ಎಂದೇ ಬರೆಸಿ, ಮಗಳ ಪಾಲಿನ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಕಣ್ಣಾರೆ ಕಂಡು ಬಿಟ್ಟುಕೊಡುವುದು ಇನ್ನೊಂದು. ಈ ಎರಡನೆಯವನು ಆಮಿಷಕ್ಕೆ ಬಿದ್ದವನಲ್ಲ, ಅವನು ಬಿತ್ತಿದ್ದು ಹತ್ತು ಪಟ್ಟಾಗಿ ಮರಳಿಯೂ ಇಲ್ಲ. ಚರ್ಚಿನೊಳಗೆ ಜಾತಿ ಪೂರ್ತಿ ಸತ್ತಿದೆ ಎಂದೂ ಇಲ್ಲ, ಹೆಣ್ಣು ಗಂಡು ನೋಡುವಾಗ ಅದು ಎದ್ದು ಕೂರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅಷ್ಟೆಲ್ಲ ಗೊತ್ತಿದ್ದೂ ಅವನು ಕರ್ತನ ಭೋಜನದ ಸಾಲಿನಲ್ಲಿ ನಿಲ್ಲುತ್ತಾನೆ, ದೇವರ ದಯೆಯಿಂದ ಚೆನ್ನಾಗಿದ್ದೇವೆ ಎನ್ನುತ್ತಾನೆ. ಕಾನೂನು ಬರೆದವರಾಗಲಿ ಬೀಜ ಕೇಳುವವರಾಗಲಿ ಆಶೀರ್ವಾದದ ಬಗ್ಗೆ ಮಾತಾಡುವ ಮೊದಲು ಕೇಳಬೇಕಾದದ್ದು ಅವನನ್ನು.