ಹಾಡಿಲ್ಲದ ಕೋಳಿ

ನೀಲಗುಂದದ ಭೀಮೇಶ್ವರ ದೇವಾಲಯದ ಶಿಲ್ಪವೈಭವವನ್ನು ನೋಡಬಂದವರು, ಅದು ಸುಗ್ಗಿಯ ಕಾಲವಾದಲ್ಲಿ, ಹರಪನಹಳ್ಳಿಯ ಕಡೆಗೆ ಮರಳುವಾಗ ರಸ್ತೆಯ ಅಂಚಿನಲ್ಲಿ ಒಣಗಲು ಹರವಿದ ಮೆಕ್ಕೆಜೋಳವನ್ನು ಬಳಸಿಕೊಂಡೇ ಹೋಗಬೇಕಾಗುತ್ತದೆ. ಆ ಹೊಂಬಣ್ಣದ ಕಾಳಿನ ಗಣನೀಯ ಭಾಗವು ಮನುಷ್ಯರ ತಟ್ಟೆಗಲ್ಲದೆ ಕೋಳಿಫಾರಂಗಳ ಮೇವಿಗೆ ಸಲ್ಲುವುದೆಂಬುದನ್ನು ಮಾತ್ರ ನೆನೆಯುವವರು ವಿರಳ.

ಆ ಫಾರಂಗಳಲ್ಲಿ ಕಾಣುವಂತೆ ಪಶುಪಾಲನೆಯು ಕಾರ್ಖಾನೆಯಾಗುವ ಬಗೆಯನ್ನು ಪ್ರಶ್ನಿಸುವ ಚಲನಚಿತ್ರಗಳು ಪಾಶ್ಚಾತ್ಯರವೇ ಎಂದು ತಿಳಿಯುವುದು ನಮ್ಮ ಮರೆವಿನ ಫಲವು. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನಾಧರಿಸಿ ಗಿರೀಶ ಕಾರ್ನಾಡ, ಬಿ.ವಿ. ಕಾರಂತರು 1977ರಲ್ಲಿಯೇ ‘ತಬ್ಬಲಿಯು ನೀನಾದೆ ಮಗನೆ’ಯನ್ನು ತೆರೆಗೆ ತಂದು, ಊರಿನ ಪಾಲಿಗೆ ತಾಯಿಯಾಗಿದ್ದ ಹಸುವು ಅಮೆರಿಕೆಯಲ್ಲಿ ಕೃಷಿವಿದ್ಯೆ ಕಲಿತು ಬಂದ ತರುಣನಿಗೆ ಬರಿಯ ಲಾಭನಷ್ಟದ ಲೆಕ್ಕವಾಗಿ ಕಾಣುವ ಸಂಕಟವನ್ನು ಚಿತ್ರಿಸಿದರು. ಆದರೆ ಹಸುವಿಗೆ ಪುಣ್ಯಕೋಟಿಯ ಹಾಡಿನ ಬೆಂಬಲವಿದ್ದಿತು. ಕೋಳಿಗೆ ಯಾವ ಹಾಡಿದೆ? ಸುಮಾರು ಆರು ವಾರಗಳಲ್ಲಿ ಕೊಬ್ಬಿ ಕತ್ತಿಗೆ ಹೋಗುವ ಬ್ರಾಯ್ಲರಿನ, ರೆಕ್ಕೆಬಿಚ್ಚಲಾಗದ ಪಂಜರದಲ್ಲಿ ಮೊಟ್ಟೆಯಿಡುವ ಹೇಂಟೆಯ, ಮೊಟ್ಟೆಯಿಡದು, ಬೇಗ ಕೊಬ್ಬದು ಎಂಬ ಕಾರಣಕ್ಕೆ ಹುಟ್ಟಿದ ದಿನವೇ ಕೊಲ್ಲಲ್ಪಡುವ ಗಂಡು ಮರಿಯ ಕಥೆಯನ್ನು ಕನ್ನಡದ ತೆರೆಯು ಹೇಳುವುದು ಇನ್ನೂ ಬಾಕಿಯಿದೆ.

ಇದನ್ನು ಶಾಕಾಹಾರಿಯ ಉಪದೇಶವೆಂದು ತಳ್ಳಿಬಿಡಲಾಗದು. (ಯಾವ ಹಸುವಿನದೆಂದರಿಯದ ಪ್ಯಾಕೆಟ್ ಹಾಲಿನ ಕಾಫಿಯನ್ನು ನಿತ್ಯ ಕುಡಿಯುವ ನನಗೆ ಉಪದೇಶದ ಅಧಿಕಾರವಾದರೂ ಎಲ್ಲಿಯದು?) ನೆರೆಯ ಕೂಡ್ಲಿಗಿ ಸೀಮೆಯ ಮ್ಯಾಸಬೇಡರು ಮಾಂಸಾಹಾರಿಗಳಾಗಿದ್ದೂ ಸಂಪ್ರದಾಯತಃ ಕೋಳಿಯನ್ನು ಮುಟ್ಟದವರು, ದೇವರ ಎತ್ತುಗಳನ್ನು ನೊಗಕ್ಕೆ ಹೂಡದೆ ಹಿಂಡುಗಟ್ಟಿ ಸಲಹುವವರು. ಉಣ್ಣುವುದಕ್ಕೂ ಒಂದು ಕಟ್ಟುಪಾಡಿರಬೇಕೆಂಬ ಈ ಅರಿವಿಗೂ ಪ್ರಾಣಿಯನ್ನು ಕಿಲೋ ಲೆಕ್ಕದಲ್ಲಷ್ಟೇ ಬಲ್ಲ ಉದ್ಯಮಕ್ಕೂ ಇರುವ ಅಂತರವೇ ಇಲ್ಲಿ ಪ್ರಸ್ತುತವು.

ರಾಬರ್ಟ್ ಕೆನ್ನರರ ‘ಫುಡ್, ಇಂಕ್.’ (2008) ಎಂಬ ಅಮೆರಿಕದ ಸಾಕ್ಷ್ಯಚಿತ್ರವು ಮಳಿಗೆಯ ಕಪಾಟಿನ ಪದಾರ್ಥಗಳ ಜಾಡು ಹಿಡಿದು ಮೆಕ್ಕೆಜೋಳದ ಹೊಲವನ್ನು ಮುಟ್ಟುತ್ತದೆ. ಕಂಪನಿಯ ಕರಾರಿಗೆ ಕಟ್ಟುಬಿದ್ದು ಸಾಲದಲ್ಲಿರುವ ಕೋಳಿಸಾಕಣೆಯವರನ್ನೂ ತೋರಿಸುತ್ತದೆ. ಮರಿ, ಮೇವು, ಔಷಧ ಕಂಪನಿಯವು, ಶೆಡ್ಡು ಮತ್ತು ದುಡಿಮೆ ರೈತನವು ಎಂಬ ಆ ಏರ್ಪಾಡು ನಮ್ಮ ನಾಡಿಗೂ ಅಪರಿಚಿತವಲ್ಲ. ನಮ್ಮ ತರುಣ ನಿರ್ದೇಶಕರಾದರೋ ಹೊಲದಿಂದಲೇ ಹೊರಟು ಆ ಜಾಡನ್ನು ತಿರುಗಿಸಿ ಹಿಡಿಯಬಹುದು: ನೀಲಗುಂದದ ರಸ್ತೆಯಲ್ಲಿ ಕಾಳು ಬಳಿದು ತುಂಬುವ ಹೆಂಗಸರಿಂದ ಆರಂಭಿಸಿ, ಆ ಚೀಲದೊಡನೆಯೇ ಲಾರಿಯೇರಿ, ಮೇವಿನ ಗಿರಣಿಯನ್ನು ದಾಟಿ ಶೆಡ್ಡಿನ ಬಾಗಿಲವರೆಗೆ ಹೋಗಬಹುದು. ಕ್ಯಾಮೆರಾವನ್ನು ಒಳಬಿಡುವರೋ ಇಲ್ಲವೋ, ಬಾಗಿಲನ್ನಂತೂ ಚಿತ್ರಿಸಿಕೊಳ್ಳಬಹುದು.