ಕೊಲ್ಲಿ ಯುದ್ಧದ ಬೆಲೆ ತೆತ್ತವರು ಯಾರು?

ಒಬ್ಬರ ನೆಲದ ಸಂಪತ್ತಿನ ಮೇಲೆ ಇನ್ನೊಬ್ಬರ ಕಣ್ಣು ಬಿದ್ದಾಗ ಯುದ್ಧಕ್ಕೆ ನೆಪ ಸಿಗುವುದು ಕಷ್ಟವಲ್ಲ. ವಿಜಯಪುರದವರಾದ ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕೃಷ್ಣಾ–ತುಂಗಭದ್ರೆಗಳ ನಡುವಣ ಫಲವತ್ತಾದ ರಾಯಚೂರು ದೋಆಬಿಗಾಗಿ ವಿಜಯನಗರದ ಅರಸರೂ ಇಲ್ಲಿನ ಆದಿಲಶಾಹಿಗಳೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ್ದು ಆ ನೆಲಕ್ಕಾಗಿಯೇ. 1990ರಲ್ಲಿ ಕುವೈತಿನಲ್ಲಿ ನಡೆದದ್ದೂ ಅಂಥದೇ. ಅಲ್ಲಿನ ಸಂಪತ್ತು ಮಾತ್ರ ನೆಲದ ಅಡಿಯಲ್ಲಿತ್ತು.

ಇರಾನಿನೊಡನೆ 1980ರಿಂದ 1988ರವರೆಗೆ ಹೋರಾಡಿ ಬಸವಳಿದ ಇರಾಕು ಕುವೈತಿಗೆ ಭಾರಿ ಸಾಲ ತೀರಿಸಬೇಕಾಗಿತ್ತು. ಕುವೈತು ಮಿತಿಮೀರಿ ತೈಲ ತೆಗೆದು ಬೆಲೆ ಕುಸಿಯುವಂತೆ ಮಾಡುತ್ತಿದೆ, ಗಡಿಯ ರುಮೈಲಾ ತೈಲಕ್ಷೇತ್ರದಿಂದ ಕದಿಯುತ್ತಿದೆ ಎಂದು ಸದ್ದಾಂ ಹುಸೇನ್ ದೂರಿದರು. ಆಗಸ್ಟ್ 2ರಂದು ಇರಾಕಿ ಸೇನೆ ಕುವೈತನ್ನು ನುಂಗಿತು. ಅಮೆರಿಕದ ನಾಯಕತ್ವದ ಮಿತ್ರಪಡೆ 1991ರ ಜನವರಿ 17ರಂದು ದಾಳಿಗಿಳಿದು ಫೆಬ್ರವರಿ ಅಂತ್ಯದೊಳಗೆ ಅದನ್ನು ಬಿಡಿಸಿತು. ಸಣ್ಣ ರಾಷ್ಟ್ರದ ಬಿಡುಗಡೆ ನ್ಯಾಯವೇ. ಆದರೆ ಅಲ್ಲಿ ತೈಲವಿಲ್ಲದಿದ್ದರೆ ಇಷ್ಟು ರಾಷ್ಟ್ರಗಳು ಇಷ್ಟು ಬೇಗ ಒಂದಾಗುತ್ತಿದ್ದವೇ ಎಂಬ ಪ್ರಶ್ನೆ ಉಳಿದೇ ಇದೆ.

ಹಿಮ್ಮೆಟ್ಟುವ ಇರಾಕಿ ಸೇನೆ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಕೊನೆಯ ಜ್ವಾಲೆ ಆರಿದ್ದು ನವೆಂಬರಿನಲ್ಲಿ. ಇರಾಕಿನ ಮೇಲಿನ ಆರ್ಥಿಕ ದಿಗ್ಬಂಧನ 2003ರವರೆಗೆ ಮುಂದುವರಿದು, ಆಳಿದವರಿಗಿಂತ ಅನ್ನ, ಔಷಧಗಳಿಲ್ಲದ ಸಾಮಾನ್ಯರನ್ನೇ ಹಿಂಡಿತು.

ನಮ್ಮ ದೇಶವೂ ಬೆಲೆ ತೆತ್ತಿತು. ಸುಮಾರು 1,70,000 ಭಾರತೀಯರು ದುಡಿದದ್ದನ್ನೆಲ್ಲ ಬಿಟ್ಟು ಕುವೈತಿನಿಂದ ಹೊರಬಿದ್ದರು; ಅವರಲ್ಲಿ ಹೆಚ್ಚಿನವರನ್ನು ಜೋರ್ಡಾನಿನ ಅಮ್ಮಾನಿನಿಂದ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರು ಕಳುಹಿಸುತ್ತಿದ್ದ ಹಣ ನಿಂತಿತು. ಕಚ್ಚಾ ತೈಲದ ಬೆಲೆ ಅಕ್ಟೋಬರಿನ ಹೊತ್ತಿಗೆ ಪೀಪಾಯಿಗೆ 40 ಡಾಲರ್ ಮುಟ್ಟಿತು. ಮೊದಲೇ ಸಾಲದಲ್ಲಿದ್ದ ದೇಶದ ವಿದೇಶಿ ವಿನಿಮಯ ಬರಿದಾಗಿ, 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟಿತು.

ಇಂದಿಗೂ ಭಾರತವು ತನಗೆ ಬೇಕಾದ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದಲೇ ತರುತ್ತದೆ. ತಿಕೋಟಾ, ಬಬಲೇಶ್ವರಗಳ ರೈತ ಬರಗಾಲದಲ್ಲಿ ದ್ರಾಕ್ಷಿ ಪಡವನ್ನು ಉಳಿಸಿಕೊಳ್ಳಲು ಟ್ಯಾಂಕರಿನಿಂದ ನೀರು ಹೊಯ್ಯಿಸುತ್ತಾನೆ. ಟ್ಯಾಂಕರು ಓಡುವುದು ಡೀಸೆಲಿನಿಂದ. ಒಣದ್ರಾಕ್ಷಿ ಮಾರುಕಟ್ಟೆ ಸೇರುವುದೂ ಡೀಸೆಲಿನಿಂದಲೇ. ಕೊಲ್ಲಿಯಲ್ಲಿ ಗುಂಡು ಹಾರಿದರೆ ಅವನ ಸಾಲದ ಲೆಕ್ಕ ಬೆಳೆಯುತ್ತದೆ. ಯುದ್ಧ ಬೇಕೇ ಬೇಡವೇ ಎಂದು ಮಾತ್ರ ಅವನನ್ನು ಯಾರೂ ಕೇಳುವುದಿಲ್ಲ.

ದಾಳಿಗೆ ಎರಡು ದಿನ ಮೊದಲು ಜಗದ್ಗುರು ಎರಡನೆಯ ಜಾನ್ ಪೌಲರು ಸದ್ದಾಂ ಹುಸೇನ್ ಮತ್ತು ಜಾರ್ಜ್ ಬುಷ್ ಇಬ್ಬರಿಗೂ ಪತ್ರ ಬರೆದು ಯುದ್ಧವನ್ನು ತಪ್ಪಿಸುವಂತೆ ಬೇಡಿಕೊಂಡರು. ಇಬ್ಬರೂ ಕಿವಿಗೊಡಲಿಲ್ಲ. ಆದರೂ ಆ ಮಾತು ವ್ಯರ್ಥವೆಂದು ನಾವು ಭಾವಿಸುವುದಿಲ್ಲ. ದೂರದ ಯುದ್ಧವನ್ನು ತಮಾಷೆಯೆಂದು ನೋಡದೆ, ಇಂಧನವನ್ನು ಹಿತಮಿತವಾಗಿ ಬಳಸಿ, ಶಾಂತಿಯ ಪರವಾಗಿ ದನಿಯೆತ್ತುವುದು ನಮ್ಮ ಕೈಯಲ್ಲಿದೆ. ಪರರ ಎಣ್ಣೆಯ ಮೇಲಿನ ನಮ್ಮ ಅವಲಂಬನೆ ತಗ್ಗಿದಷ್ಟೂ ಪರರ ಯುದ್ಧಕ್ಕೆ ನಾವು ತೆರುವ ಕಪ್ಪವೂ ತಗ್ಗುತ್ತದೆ.