ಉತ್ತರ ಮೊದಲು, ಲೆಕ್ಕ ಆಮೇಲೆ!

ಕಳೆದ ಭಾನುವಾರ ತಂಗಿಯ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಿದ್ದ. ಫಿಸಿಯೊಥೆರಪಿಯಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾನೆ. ಮಂಡಿನೋವಿಗೆ ಎರಡು ಬಗೆಯ ವ್ಯಾಯಾಮದಲ್ಲಿ ಯಾವುದು ಮೇಲು ಅನ್ನೋದು ಇವನ ಥೀಸಿಸ್. ಎಷ್ಟು ರೋಗಿಗಳು ಬೇಕು ಅಂತ ಹೇಳೋಕೆ ಜಿ*ಪವರ್ ಅನ್ನೋ ತಂತ್ರಾಂಶ ಇದೆ, ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಶ್ವವಿದ್ಯಾಲಯದ್ದು, ಪುಕ್ಕಟೆ.

ಎಫೆಕ್ಟ್ ಸೈಜ್ 0.5, ಆಲ್ಫಾ 0.05, ಪವರ್ 80% ಅಂತ ಕೊಟ್ಟ. ಗುಂಪಿಗೆ 64 ಜನ ಬೇಕು ಅಂತ ಬಂತು.

"ಒಟ್ಟು 128 ಜನ ಎಲ್ಲಿಂದ ತರೋದು ಮಾವ? ಗೈಡ್ 60 ಸಾಕು ಅಂದಿದ್ದಾರೆ" ಅಂದವನೇ 0.5 ಅಳಿಸಿ 0.74 ಒತ್ತಿದ. ಗುಂಪಿಗೆ 30. ಮುಗೀತು ಕೆಲಸ!

ನಾನು ಬರೀ ಬಿಕಾಂ, ಸ್ವಾಮಿ. ಆದರೆ ಈ ಆಟ ನನಗೆ ಹೊಸದಲ್ಲ. ಸಾಲದ ಅರ್ಜಿ ಜೊತೆ ಬರುವ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಡಿಎಸ್‌ಸಿಆರ್ 1.5 ಬರುವ ತನಕ ಮುಂದಿನ ವರ್ಷಗಳ ಮಾರಾಟ ಏರಿಸುತ್ತಾ ಹೋಗುವುದನ್ನು ಎಷ್ಟು ನೋಡಿಲ್ಲ! ಎಕ್ಸೆಲ್ ಸುಳ್ಳು ಹೇಳಲ್ಲ, ಹೇಳಿಸುವವರು ನಾವು.

0.5 ಅಂದರೆ ಏನು? ನೋವಿನ ಅಂಕದ ಸ್ಟ್ಯಾಂಡರ್ಡ್ ಡೀವಿಯೇಶನ್ 2 ಇದ್ದರೆ, ಎರಡು ವ್ಯಾಯಾಮಗಳ ನಡುವೆ ಸರಾಸರಿ ಒಂದು ಅಂಕದ ಅಂತರ. 0.74 ಅಂದರೆ ಸುಮಾರು ಒಂದೂವರೆ. ಕೀಬೋರ್ಡಿನಲ್ಲಿ ಅಂಕಿ ಬದಲಾಯಿಸಿದ ಮಾತ್ರಕ್ಕೆ ವ್ಯಾಯಾಮದ ಗುಣ ಹೆಚ್ಚಾಗುತ್ತದೆಯೇ? ನಿಜವಾದ ಅಂತರ 0.5 ಇದ್ದು 60 ಜನರಲ್ಲೇ ಮುಗಿಸಿದರೆ ಪವರ್ ಸುಮಾರು 48%. ನಾಣ್ಯ ಚಿಮ್ಮಿದರೂ ಅಷ್ಟೇ! ಒಳ್ಳೆಯ ವ್ಯಾಯಾಮವೊಂದು "ಪ್ರಯೋಜನವಿಲ್ಲ" ಅನ್ನಿಸಿಕೊಂಡು ಮೂಲೆ ಸೇರಬಹುದು. ಅರ್ಧ ದಿನದ ಸಂಬಳ ಕಳೆದುಕೊಂಡು, ಆ ಮಂಡಿಯಲ್ಲೇ ಸ್ಟೇಶನ್ ಮೆಟ್ಟಿಲು ಹತ್ತಿ ಬಂದ ರೋಗಿಗಳಿಗೆ ಯಾರು ಜವಾಬು ಕೊಡುತ್ತಾರೆ?

ರೋಗಿಗಳು ಸಿಗಲ್ಲ, ಟೈಮಿಲ್ಲ ಅನ್ನೋದು ನಿಜವೇ. ಒಪ್ಪುತ್ತೇನೆ. ಹಾಗಿದ್ದರೆ ಅದನ್ನೇ ಬರೆಯಿರಿ. ಅದೇ ತಂತ್ರಾಂಶದಲ್ಲಿ ಸೆನ್ಸಿಟಿವಿಟಿ ಅನ್ನೋ ಆಯ್ಕೆ ಇದೆ. ಇರುವ 60 ಜನರನ್ನು ಕೊಟ್ಟರೆ, 80% ಪವರ್‌ನಲ್ಲಿ ಎಷ್ಟು ದೊಡ್ಡ ಅಂತರ ಹಿಡಿಯಬಹುದು ಅಂತ ಹೇಳುತ್ತದೆ. ಉತ್ತರ ಅದೇ 0.74. ಅಂಕಿ ಒಂದೇ, ಆದರೆ ಒಂದು ಕಡೆ ನಮ್ಮ ಮಿತಿ, ಇನ್ನೊಂದು ಕಡೆ ಕಟ್ಟುಕಥೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಕಾಫಿ ಲೋಟ ಕೆಳಗಿಟ್ಟ. "ಸರಿ ಮಾವ, ಹಾಗೇ ಬರೀತೀನಿ. ಗೈಡ್ ಸಹಿ ಹಾಕದಿದ್ದರೆ ನೀವು ಬಂದು ಮಾತಾಡ್ತೀರಾ?"

ಬರ್ತೀನಿ ಅಂದಿದ್ದೇನೆ. ರಜೆ ಹಾಕಬೇಕು.